ಮನೆಯ ಸುತ್ತಲಿನ ಹಾವುಗಳು: ಸವಿಷವಾವುದು, ನಿರ್ವಿಷವಾವುದು?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ನೆರೆಮನೆಯ ತರುಣನೊಬ್ಬನು ಬಡಿಗೆಯ ತುದಿಯಲ್ಲಿ ಸತ್ತ ಹಾವೊಂದನ್ನು ತೂಗಿಸಿಕೊಂಡು ನಮ್ಮ ಅಂಗಳಕ್ಕೆ ಬಂದನು. "ಮಾಸ್ತರೇ, ಬಚ್ಚಲಲ್ಲಿ ಕಟ್ಟುಹಾವು ಸಿಕ್ಕಿತು. ಮಕ್ಕಳು ಅಲ್ಲಿಯೇ ಆಡುತ್ತಿದ್ದರು. ದೇವರ ದಯೆಯಿಂದ ಪಾರಾದೆವು" ಎಂದನು. ನಾನು ಕನ್ನಡಕವನ್ನು ಏರಿಸಿಕೊಂಡು ದೀಪದ ಬೆಳಕಿನಲ್ಲಿ ನೋಡಿದೆನು. ಒಂದೂವರೆ ಅಡಿಯ ಕಂದುಬಣ್ಣದ ಹಾವು. ಕುತ್ತಿಗೆಯಿಂದಲೇ ತೊಡಗಿದ ಬಿಳಿಹಳದಿಯ ಅಡ್ಡಪಟ್ಟೆಗಳು ಬಾಲದ ಕಡೆಗೆ ಸಾಗುತ್ತ ಮಸುಕಾಗಿ ಅಳಿಸಿಹೋಗಿದ್ದವು. ಅದು ಕಟ್ಟುಹಾವಾಗಿರಲಿಲ್ಲ, ಗೋಡೆಯ ಹಲ್ಲಿಗಳನ್ನು ತಿಂದು ಬದುಕುವ ತೋಳಹಾವಾಗಿತ್ತು. ಹೀಗೆಂದು ಹೇಳಿದಾಗ ಆ ತರುಣನ ಮುಖವು ಸಪ್ಪಗಾಯಿತು. "ಹಾಗಾದರೆ ಗುರುತು ಹಿಡಿಯುವುದು ಹೇಗೆ?" ಎಂದು ಅವನು ಕೇಳಿದನು. ಆ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರವು ಚಿಕ್ಕದಾಗಿದ್ದಿತು. ಅದನ್ನೇ ಈಗ ಸ್ವಲ್ಪ ವಿಸ್ತರಿಸಿ ವಾಚಕರ ಮುಂದಿಡುತ್ತೇನೆ.

ಅವನನ್ನು ನಾನು ಗದರಿಸಲಿಲ್ಲ. ಅದಕ್ಕೆ ಕಾರಣವುಂಟು. 1974ರ ಆಷಾಢದಲ್ಲಿ, ನಾನು ಒಂಬತ್ತು ವರ್ಷದ ಬಾಲಕನಾಗಿದ್ದಾಗ, ನಮ್ಮ ಮನೆಯ ನಡುಮನೆಯಲ್ಲಿ ಇಂತಹದೇ ಪಟ್ಟೆಯ ಹಾವೊಂದು ಸಂಜೆ ಗೋಡೆಯಂಚಿನಲ್ಲಿ ಹರಿದುಹೋದುದನ್ನು ನಾವೆಲ್ಲರೂ ಕಂಡೆವು. "ಹಲ್ಲಿ ತಿನ್ನುವ ಹಾವು, ಬಿಡಿ" ಎಂದು ನನ್ನ ಚಿಕ್ಕಪ್ಪನವರು ಹೇಳಿದರು. ರಾತ್ರಿ ಅವರು ಎಂದಿನಂತೆ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದರು. ಬೆಳಗಿನ ಜಾವದಲ್ಲಿ ತೋಳಿಗೆ ಇರುವೆ ಕಚ್ಚಿದಂತಾಯಿತೆಂದು ಒಮ್ಮೆ ಎದ್ದು ಮತ್ತೆ ಮಲಗಿದರಂತೆ. ಬಾವು ಇಲ್ಲ, ರಕ್ತವಿಲ್ಲ, ಉರಿಯಿಲ್ಲ. ಬೆಳಗಾಗುವಾಗ ಹೊಟ್ಟೆನೋವು ಆರಂಭವಾಯಿತು. ಅಜೀರ್ಣವೆಂದು ತಿಳಿದು ಅಜ್ಜಿ ಕಷಾಯ ಮಾಡಿಕೊಟ್ಟರು. ಅನಂತರ ಅವರ ಕಣ್ಣಿನ ರೆಪ್ಪೆಗಳು ಜೋಲತೊಡಗಿದವು. ನಿದ್ರೆ ಸಾಲಲಿಲ್ಲವೆಂದು ತಿಳಿದೆವು. ಮಾತು ಮೂಗಿನಿಂದ ಬರತೊಡಗಿದ ಮೇಲೆ ಯಾರೋ ಒಬ್ಬ ಮಂತ್ರಗಾರನನ್ನು ಕರೆತಂದರು. ಮಧ್ಯಾಹ್ನದ ಒಳಗೆ ಉಸಿರು ನಿಂತಿತು. ಮೂಲೆಯಲ್ಲಿ ಸುತ್ತಿಟ್ಟಿದ್ದ ಕಂಬಳಿಗಳ ಅಡಿಯಲ್ಲಿ ಆ ಹಾವು ಸಿಕ್ಕಿದ್ದು ಮರುದಿನ. ಅದು ಕಟ್ಟುಹಾವಾಗಿತ್ತು.

ಒಂದು ಮನೆಯಲ್ಲಿ ತೋಳಹಾವು ಕಟ್ಟುಹಾವೆಂದು ಸತ್ತಿತು. ಇನ್ನೊಂದರಲ್ಲಿ ಕಟ್ಟುಹಾವು ತೋಳಹಾವೆಂದು ಮನುಷ್ಯನೇ ಸತ್ತನು. ವೇದಾಂತಿಗಳು ಹೇಳುವ ರಜ್ಜುಸರ್ಪನ್ಯಾಯದಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿದವನಿಗೆ ದೀಪ ತಂದರೆ ಸಾಕು, ಭಯವು ನಿವೃತ್ತಿಯಾಗುತ್ತದೆ. ನಮ್ಮ ಕಷ್ಟವೇ ಬೇರೆ. ಇಲ್ಲಿ ದೀಪ ತಂದರೂ ಎದುರಿಗಿರುವುದು ಹಾವೇ. ಆ ಬೆಳಕಿನಲ್ಲಿ ಏನನ್ನು ನೋಡಬೇಕೆಂಬುದೂ ತಿಳಿದಿರಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳೆಂಬ ಈ ಮೂರು ತಾಲೂಕುಗಳಲ್ಲಿ ಮನೆಯೆಂದರೆ ಬಹುತರವಾಗಿ ಮುಂದೆ ಅಡಿಕೆಯ ತೋಟ, ಹಿಂದೆ ಸೊಪ್ಪಿನ ಬೆಟ್ಟ, ನಡುವೆ ಅಂಗಳ, ಕೊಟ್ಟಿಗೆ, ಗೊಬ್ಬರದ ಗುಂಡಿ. ತೋಟದ ಬಸಿಗಾಲುವೆಗಳಲ್ಲಿ ಕಪ್ಪೆಗಳು ತುಂಬಿರುತ್ತವೆ. ಅಟ್ಟದಲ್ಲಿ ಇಲಿಗಳಿಗೆ ಕೊರತೆಯಿಲ್ಲ. ಚಿರೇಕಲ್ಲಿನ ಪಾಗಾರದಲ್ಲಿ ಬೇಕಾದಷ್ಟು ಸಂದಿಗಳು. ಇಷ್ಟು ಊಟವೂ ವಸತಿಯೂ ಒಂದೆಡೆಯಲ್ಲಿ ದೊರೆಯುವಾಗ ಹಾವು ಬಾರದಿದ್ದರೆ ಆಶ್ಚರ್ಯಪಡಬೇಕು. ಬರುವವುಗಳಲ್ಲಿ ಹೆಚ್ಚಿನವು ನಿರ್ವಿಷವಾದವುಗಳೇ. ಪ್ರಾಣಕ್ಕೆ ಎರವಾಗುವ ಹಾವುಗಳನ್ನು ಬೆರಳಿನಿಂದ ಎಣಿಸಬಹುದು. ಆದುದರಿಂದ ಎಲ್ಲ ಹಾವುಗಳನ್ನು ಕಲಿಯಬೇಕಾಗಿಲ್ಲ. ಆ ಕೆಲವನ್ನೂ, ಅವುಗಳ ವೇಷವನ್ನು ಹೋಲುವ ಸಾಧುಗಳನ್ನೂ ಜೊತೆಜೊತೆಯಾಗಿ ಕಲಿತರೆ ಸಾಕು.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಅಜ್ಞರಾಗಿರಲಿಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಸರ್ಪಗಳ 80 ಭೇದಗಳನ್ನು ಹೇಳಿದೆ: ದರ್ವೀಕರಗಳು 26, ಮಂಡಲಿಗಳು 22, ರಾಜಿಮಂತಗಳು 10, ನಿರ್ವಿಷಗಳು 12, ಉಳಿದವು ಸಂಕರಗಳು. ದರ್ವಿಯೆಂದರೆ ಸೌಟು, ಸೌಟಿನಂತೆ ಹೆಡೆಯನ್ನು ಅಗಲಿಸುವುದು ದರ್ವೀಕರ. ಮೈಮೇಲೆ ಮಂಡಲಾಕಾರದ ಚಿತ್ರಗಳುಳ್ಳದ್ದು ಮಂಡಲಿ. ರಾಜಿಯೆಂದರೆ ಗೆರೆ; ಗೆರೆಗಳುಳ್ಳದ್ದು ರಾಜಿಮಂತ. ಇಂದು ನಾವು ನಾಗರ, ಮಂಡಲ, ಕಟ್ಟು ಎಂದು ಹೇಳುವ ಮೂರೂ ಈ ಮೂರು ವರ್ಗಗಳಲ್ಲಿ ಕೂಡುತ್ತವೆ; ಮಂಡಲವೆಂಬ ಹೆಸರಂತೂ ನಮ್ಮ ಆಡುಮಾತಿನಲ್ಲಿ ಹಾಗೆಯೇ ಉಳಿದಿದೆ. ದರ್ವೀಕರಗಳು ಹಗಲಿನಲ್ಲಿ, ರಾಜಿಮಂತಗಳು ರಾತ್ರಿಯ ಕೊನೆಯ ಯಾಮದಲ್ಲಿ ಸಂಚರಿಸುತ್ತವೆಂದು ಅದೇ ಗ್ರಂಥವು ಹೇಳುತ್ತದೆ. ಚಿಕ್ಕಪ್ಪನವರನ್ನು ಹಾವು ಕಚ್ಚಿದ್ದು ಅದೇ ಯಾಮದಲ್ಲಿ.

ಆದರೆ ಇಲ್ಲಿಯೇ ಒಂದು ತೊಡಕು ಇದೆ. ಅಮರಕೋಶದಲ್ಲಿ ರಾಜಿಲ, ಡುಂಡುಭಗಳೆಂದರೆ ಒಂದೇ ಹಾವಿನ ಎರಡು ಹೆಸರುಗಳು. ಡುಂಡುಭವು ವಿಷವಿಲ್ಲದ ಹಾವೆಂದು ಪ್ರಸಿದ್ಧವಾಗಿದೆ. ಹಾಗಾದರೆ ಸುಶ್ರುತನಲ್ಲಿ ಗೆರೆಯ ಹಾವು ಸವಿಷ, ಅಮರನಲ್ಲಿ ಗೆರೆಯ ಹಾವು ನಿರ್ವಿಷ! ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಇದನ್ನು ಓದಿದಾಗ ಗ್ರಂಥಗಳೊಳಗಿನ ವಿರೋಧವೆಂದು ನಾನು ತಿಳಿದಿದ್ದೆನು. ಈಗ ಹಾಗೆ ತೋರುವುದಿಲ್ಲ. ಗೆರೆಯುಳ್ಳ ಹಾವುಗಳು ಎರಡು ಬಗೆಯವು ಇದ್ದೇ ಇವೆ. ಗೆರೆಯೊಂದನ್ನೇ ನೋಡಿದವನು ಮೋಸಹೋಗುತ್ತಾನೆ.

ಕಟ್ಟುಹಾವಿನ ಮೈಬಣ್ಣವು ಕರಿಯ ಉಕ್ಕಿನಂತೆ ನುಣುಪಾಗಿ ಹೊಳೆಯುತ್ತದೆ. ಅದರ ಮೇಲೆ ತೆಳುವಾದ ಬಿಳಿಯ ಅಡ್ಡಗೆರೆಗಳು ಸಾಮಾನ್ಯವಾಗಿ ಎರಡೆರಡಾಗಿ ಇರುವುವು. ತಲೆಯಿಂದ ಸ್ವಲ್ಪ ದೂರದವರೆಗೆ ಗೆರೆಗಳು ಇರುವುದಿಲ್ಲ ಅಥವಾ ಚುಕ್ಕೆಗಳಾಗಿರುತ್ತವೆ. ಬಾಲದ ಕಡೆಗೆ ಹೋದಂತೆ ಸ್ಪಷ್ಟವಾಗುತ್ತವೆ. ತೋಳಹಾವಿನಲ್ಲಿ ಇದು ತಲೆಕೆಳಗು. ಅದರ ಮೈ ಕಂದು ಅಥವಾ ಬೂದುಕಂದು. ಪಟ್ಟೆಗಳು ಅಗಲವಾಗಿದ್ದು ಕುತ್ತಿಗೆಯ ಬಳಿಯೇ ಅತ್ಯಂತ ಸ್ಪಷ್ಟವಾಗಿರುತ್ತವೆ, ಪಕ್ಕೆಗಳಲ್ಲಿ ಕವಲೊಡೆಯುತ್ತವೆ, ಬಾಲದ ಕಡೆಗೆ ಅಳಿಸಿಹೋಗುತ್ತವೆ. ತಲೆಯು ಚಪ್ಪಟೆ. ಗೋಡೆಯನ್ನು ಸರಾಗವಾಗಿ ಏರಿ ಹಂಚಿನ ಸಂದಿಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ತೋಳಹಾವು. ಇದರ ಮುಂದಿನ ಹಲ್ಲುಗಳು ತೋಳನ ಹಲ್ಲುಗಳಂತೆ ಉದ್ದವಾಗಿರುವುದರಿಂದ ಈ ಹೆಸರು. ಕೆಣಕಿದರೆ ಕಚ್ಚುತ್ತದೆ, ವಿಷ ಮಾತ್ರ ಇಲ್ಲ. ಇನ್ನೊಂದು ಗುರುತು ಪಂಡಿತರು ನಂಬುವಂತಹದು: ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡವು, ಷಟ್ಕೋಣಾಕಾರದವು. ಇದನ್ನು ಜೀವಂತ ಹಾವಿನಲ್ಲಿ ನೋಡಲು ಹೋಗತಕ್ಕದ್ದಲ್ಲ. ಎಳೆಯ ಕಟ್ಟುಹಾವಿನಲ್ಲಿ ಗೆರೆಗಳು ಕುತ್ತಿಗೆಯ ಸಮೀಪದಿಂದಲೇ ತೊಡಗುವುದುಂಟು, ವಯಸ್ಸಾದುದರಲ್ಲಿ ಮಾಸಿಹೋಗುವುದುಂಟು. ಆದುದರಿಂದ ಈ ಜೋಡಿಯಲ್ಲಿ ಅಣುಮಾತ್ರ ಸಂಶಯವಿದ್ದರೂ ಕಟ್ಟುಹಾವೆಂದೇ ಭಾವಿಸಿ ದೂರವಿರಬೇಕು. ಹಗಲಿನಲ್ಲಿ ಅದು ಮಂದವಾಗಿ, ಮುಟ್ಟಿದರೆ ತಲೆಯನ್ನು ಸುರುಳಿಯೊಳಗೆ ಹುದುಗಿಸಿಕೊಂಡು ಬಿದ್ದಿರುತ್ತದೆ. ಆ ಸಾಧುತ್ವವನ್ನು ನಂಬಿ ಕೈಯಿಂದ ಎತ್ತಿದವರುಂಟು.

ನಾಗರಹಾವನ್ನು ಯಾರಿಗೆ ಪರಿಚಯಿಸಬೇಕು? ಹೆಡೆ ಎತ್ತಿದ ನಾಗರವನ್ನು ಮೂರು ವರ್ಷದ ಕೂಸೂ ಗುರುತಿಸುವುದು. ಕಷ್ಟವಿರುವುದು ಹೆಡೆ ಎತ್ತದ ನಾಗರನಲ್ಲಿ. ಹೆದರಿದಾಗ ಮಾತ್ರ ಅದು ಹೆಡೆಯನ್ನು ಅರಳಿಸುತ್ತದೆ. ತನ್ನ ಪಾಡಿಗೆ ಹರಿದು ಹೋಗುವಾಗ ದೂರದಿಂದ ಕೇರೆಯಂತೆಯೇ ತೋರುತ್ತದೆ. ಇದರಿಂದ ಪ್ರತಿವರ್ಷವೂ ಎಷ್ಟು ಕೇರೆಗಳು ನಾಗರವೆಂಬ ಭಯದಿಂದ ಬಡಿಗೆಯ ಏಟು ತಿನ್ನುತ್ತವೆಯೋ ಲೆಕ್ಕವಿಲ್ಲ. ನಾಗರವೆಂದು ಖಚಿತವಾದರೆ ಕೈಮುಗಿದು ಬಿಡುವ ಮನೆಯಲ್ಲಿಯೂ ಕೇರೆಗೆ ಈ ದಯೆ ಸಿಗದಿರುವುದನ್ನು ನಾನು ಕಂಡಿದ್ದೇನೆ!

ಕೇರೆಯ ಕಣ್ಣು ದೊಡ್ಡದು, ದುಂಡಗಿನದು. ತಲೆಯು ಕುತ್ತಿಗೆಗಿಂತ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತದೆ. ತುಟಿಯ ಹುರುಪೆಗಳ ನಡುವೆ ಮಸಿಯಿಂದ ಬರೆದಂತೆ ಕಪ್ಪುಗೀರುಗಳಿವೆ. ಬಾಲವು ಉದ್ದವಾಗಿ ಸಣ್ಣಗಾಗುತ್ತ ಹೋಗುತ್ತದೆ. ನಾಗರನ ತಲೆಯು ಕುತ್ತಿಗೆಯೊಡನೆ ಒಂದಾದಂತೆ ತೋರುತ್ತದೆ, ಕತ್ತಿನ ಕೆಳಭಾಗದಲ್ಲಿ ಅಗಲವಾದ ಕರಿಯ ಪಟ್ಟಿ ಇರುತ್ತದೆ. ಬಣ್ಣವನ್ನು ನಂಬಬಾರದು, ಎರಡೂ ಹಳದಿಯಿಂದ ಕಪ್ಪಿನವರೆಗೆ ಎಲ್ಲ ಛಾಯೆಗಳಲ್ಲಿಯೂ ಇವೆ. ಉದ್ದವನ್ನೂ ನಂಬಬಾರದು. ಹೆಡೆಯ ಹಿಂದಿನ ಕನ್ನಡಕದ ಗುರುತು ಸಹ ಕೆಲವು ನಾಗರಗಳಲ್ಲಿ ಮಸುಕಾಗಿರುತ್ತದೆ.

ಕೇರೆಯ ಮೇಲೆ ನಮ್ಮಲ್ಲಿ ಹೊರಿಸಿರುವ ಅಪವಾದಗಳು ಹಲವು. ಕೊಟ್ಟಿಗೆಗೆ ಬಂದು ಹಸುವಿನ ಕಾಲಿಗೆ ಸುತ್ತಿ ಹಾಲು ಕುಡಿಯುತ್ತದೆ ಎಂಬುದು ಒಂದು. ಹಾವಿನ ಬಾಯಿಯ ರಚನೆಯಲ್ಲಿ ಚೀಪುವ ಸಾಮರ್ಥ್ಯವೇ ಇಲ್ಲ. ಹಿಂದಕ್ಕೆ ಬಾಗಿದ ಆ ಮುಳ್ಳುಹಲ್ಲುಗಳು ಕೆಚ್ಚಲನ್ನು ಹಿಡಿದರೆ ಹಸು ಸುಮ್ಮನೆ ನಿಲ್ಲುವುದೇ? ಅದು ಕೊಟ್ಟಿಗೆಗೆ ಬರುವುದು ಇಲಿಗಾಗಿ. ಕೇರೆಯೂ ನಾಗರವೂ ಕೂಡುತ್ತವೆ, ಆ ಕಾಲದಲ್ಲಿ ಕೇರೆಗೂ ವಿಷವೇರುತ್ತದೆ ಎಂಬುದು ಮತ್ತೊಂದು. ಮೈಗೆ ಮೈ ಹೆಣೆದು ಎದ್ದು ನಿಂತು ಆಡುವುದನ್ನು ನೋಡಿ ಜನರು ಹೀಗೆ ಊಹಿಸಿದ್ದಾರೆ. ವಾಸ್ತವದಲ್ಲಿ ಅದು ಎರಡು ಗಂಡು ಕೇರೆಗಳ ಮಲ್ಲಯುದ್ಧ. ಅಡಿಕೆ, ತೆಂಗು, ಭತ್ತಗಳನ್ನು ಬೆಳೆಯುವ ಗೃಹಸ್ಥನಿಗೆ ಸಂಬಳವಿಲ್ಲದ ಇಂತಹ ಕಾವಲುಗಾರನು ಬೇರೆ ಸಿಗಲಾರನು.

ಇನ್ನು ಮಂಡಲ. ನಮ್ಮ ಕಡೆ ಕೊಳಕುಮಂಡಲವೆನ್ನುವ ಹಾವು ದಪ್ಪವಾದ ಮೈ, ಸಣ್ಣ ಕುತ್ತಿಗೆ, ತ್ರಿಕೋಣದ ತಲೆ, ಗಿಡ್ಡ ಬಾಲಗಳುಳ್ಳದ್ದು. ಕಂದು ಮೈಮೇಲೆ ಕಪ್ಪು ಅಂಚುಳ್ಳ ಅಂಡಾಕಾರದ ಮಚ್ಚೆಗಳು ಮೂರು ಸಾಲುಗಳಲ್ಲಿ ಸರಪಣಿಯ ಕೊಂಡಿಗಳಂತೆ ಕ್ರಮವಾಗಿರುತ್ತವೆ. ಈ ಕ್ರಮವೇ ಮುಖ್ಯವಾದ ಗುರುತು. ಮಣ್ಣುಮುಕ್ಕ ಜಾತಿಯ ಒಂದು ಒರಟು ಹುರುಪೆಯ ಹಾವಿಗೂ ಹೆಬ್ಬಾವಿನ ಮರಿಗೂ ಮಚ್ಚೆಗಳುಂಟು. ಆದರೆ ಅವು ಹರಿದ ನಕಾಶೆಯಂತೆ ಅಡ್ಡಾದಿಡ್ಡಿ, ಒಂದಕ್ಕೊಂದು ಕೂಡಿಕೊಂಡಿರುವುವು. ಮಣ್ಣುಮುಕ್ಕನ ಬಾಲವು ಮೊಂಡು, ತಲೆಗೂ ಕುತ್ತಿಗೆಗೂ ಭೇದವಿಲ್ಲ. ಮಂಡಲವು ಸಿಟ್ಟಿಗೇಳುವಾಗ ಮಾಡುವ ಸದ್ದನ್ನು ಒಮ್ಮೆ ಕೇಳಿದವರು ಮರೆಯಲಾರರು. ಕುಕ್ಕರಿನ ಉಗಿ ಹೊರಬರುವಂತೆ ಜೋರಾಗಿ ಬುಸುಗುಟ್ಟುತ್ತದೆ. ಇದು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಕಚ್ಚಿದ ಸ್ಥಳವು ವಿಪರೀತವಾಗಿ ಬಾತು ನೋಯುತ್ತದೆ, ರಕ್ತವು ಹೆಪ್ಪುಗಟ್ಟುವ ಗುಣವನ್ನು ಕಳೆದುಕೊಳ್ಳುತ್ತದೆ, ವಸಡಿನಿಂದ ರಕ್ತ ಒಸರಬಹುದು, ಮೂತ್ರಪಿಂಡಗಳು ಕೆಡಬಹುದು. ಕೊಳಕು ಎಂಬ ವಿಶೇಷಣವು ಹಲ್ಲು ನೆಟ್ಟ ಮಾಂಸವು ಕೊಳೆಯುವುದನ್ನು ಕಂಡವರು ಕೊಟ್ಟುದಾಗಿರಬೇಕೆಂದು ನನ್ನ ಊಹೆ. ಗರಗಸಮಂಡಲವೆಂಬ ಇದರ ಚಿಕ್ಕ ದಾಯಾದಿಯು ಒಣ ಕಲ್ಲುಬಯಲಿನ ಪ್ರಾಣಿ. ನೆರಳು ತೇವಗಳ ತೋಟದಲ್ಲಿ ಅದನ್ನು ನಿರೀಕ್ಷಿಸಬೇಕಾಗಿಲ್ಲ.

ತೋಟದಲ್ಲಿ ಅದಕ್ಕಿಂತ ಹೆಚ್ಚಾಗಿ ಲಕ್ಷ್ಯವಿಡಬೇಕಾದ ಒಂದು ಚಿಕ್ಕ ಹಾವುಂಟು, ಅದನ್ನು ಎಷ್ಟೋ ಜನರು ಹಾವೆಂದೇ ಎಣಿಸುವುದಿಲ್ಲ. ಒಂದರಿಂದ ಒಂದೂವರೆ ಅಡಿಯಷ್ಟೇ ಉದ್ದ, ತ್ರಿಕೋಣದ ತಲೆ, ಮೂಗಿನ ತುದಿಯು ಮೇಲಕ್ಕೆ ಎದ್ದಿರುತ್ತದೆ, ಮೈಬಣ್ಣವು ಒಣಗಿದ ಎಲೆಯದೇ. ಗುಳಿಮಂಡಲಗಳ ವಂಶದ್ದು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇವಕ್ಕೆ ಒಂದು ಗುಳಿ ಇದ್ದು, ಅದರಿಂದ ಇಲಿ ಕಪ್ಪೆಗಳ ಮೈಯ ಶಾಖದಲ್ಲಿರುವ ವ್ಯತ್ಯಾಸವನ್ನು ಕತ್ತಲೆಯಲ್ಲಿಯೂ ತಿಳಿಯುತ್ತವೆ. ಈ ಹಾವು ಹೆಜ್ಜೆಯ ಸಪ್ಪಳಕ್ಕೆ ಓಡುವುದಿಲ್ಲ. ದರಕಿನ ನಡುವೆ ಸುರುಳಿಯಾಗಿ ಕುಳಿತೇ ಇರುತ್ತದೆ. ಸೊಪ್ಪಿನ ಬೆಟ್ಟದಲ್ಲಿ ದರಕು ಒಟ್ಟುವವರ, ಉದುರಡಿಕೆ ಹೆಕ್ಕುವ ಹೆಂಗಸರ ಬೆರಳುಗಳಿಗೆ ಇದು ಕಚ್ಚುವುದು. ಹಾವು ಚಿಕ್ಕದೆಂದು ಇದರ ಕಡಿತವನ್ನು ಅಲಕ್ಷ್ಯ ಮಾಡುವುದುಂಟು. ಹಲವರಲ್ಲಿ ನೋವು ಬಾವುಗಳಲ್ಲಿಯೇ ಮುಗಿದರೂ ಕೆಲವರಲ್ಲಿ ರಕ್ತವು ಕೆಟ್ಟು ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ನಮ್ಮ ದೇಶದಲ್ಲಿ ದೊರೆಯುವ ಪ್ರತಿವಿಷವು ಇದರ ವಿಷಕ್ಕಾಗಿ ಮಾಡಿದುದಲ್ಲ. ಆದ್ದರಿಂದ ವೈದ್ಯರ ಕಣ್ಗಾವಲಿನಲ್ಲಿ ಇರುವುದು ಇನ್ನಷ್ಟು ಅಗತ್ಯ. ದರಕಿಗೆ ಬರಿಗೈ ಹಾಕದೆ ಮೊದಲು ಕೋಲಿನಿಂದ ಕೆದಕುವ ಅಭ್ಯಾಸವನ್ನು ಮನೆಯ ಯಜಮಾನರು ತಾವೂ ಮಾಡಿ, ಕೆಲಸಕ್ಕೆ ಬರುವವರಿಗೂ ಮೊಣಕಾಲವರೆಗಿನ ಬೂಟುಗಳನ್ನು ಕೊಡಿಸಬೇಕು. ಗೊಬ್ಬರಕ್ಕೆ ಹಣ ಹಾಕುವವನು ಬೂಟಿಗೆ ಹಿಂಜರಿಯುವುದು ನನಗೆ ಅರ್ಥವಾಗದ ಲೆಕ್ಕ.

ಹಸಿರು ಹಾವುಗಳಲ್ಲಿಯೂ ಎರಡು ಬಗೆ. ಚಾವಟಿಯಂತೆ ಸಪೂರವಾಗಿ, ಚೂಪಾದ ಮೂತಿಯುಳ್ಳದ್ದಾಗಿ, ದಾಸವಾಳದ ಗಿಡದಲ್ಲಿ ಬಳ್ಳಿಯಂತೆ ತೂಗುವುದು ಹಸಿರುಬಳ್ಳಿಹಾವು. ಕಣ್ಣಿನ ಪಾಪೆಯು ಅಡ್ಡವಾದ ಗೀಟು. ಇದು ಕಣ್ಣಿಗೇ ಕುಕ್ಕುತ್ತದೆಂಬ ನಂಬಿಕೆಯು ದಕ್ಷಿಣದೇಶದಲ್ಲೆಲ್ಲ ಹರಡಿದೆ. ಅದರ ಸೌಮ್ಯವಾದ ವಿಷವು ಹಲ್ಲಿ ಕಪ್ಪೆಗಳಿಗೆ ಸಾಕು, ಮನುಷ್ಯನಿಗೆ ಅಪಾಯಕರವಲ್ಲ. ದಪ್ಪ ಮೈ, ಅಗಲವಾದ ತ್ರಿಕೋಣದ ತಲೆ, ನೆಟ್ಟಗಿನ ಪಾಪೆ ಇದ್ದು, ಮಳೆಗಾಲದಲ್ಲಿ ತಗ್ಗಾದ ಪೊದೆಯ ಮೇಲೆ ಅಲುಗದೆ ಕುಳಿತಿದ್ದರೆ ಅದು ಹಸಿರು ಗುಳಿಮಂಡಲ. ಪಶ್ಚಿಮಘಟ್ಟದ ಗುಳಿಮಂಡಲವೊಂದು ಹಸಿರಲ್ಲದೆ ಕಂದು, ಹಳದಿ ಬಣ್ಣಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಇವುಗಳ ಕಡಿತದಿಂದ ಸಾವು ವಿರಳ, ನೋವು ಮಾತ್ರ ಅತಿಶಯ. ಕಾಳುಮೆಣಸಿನ ಬಳ್ಳಿಗೆ ಕೈಹಾಕುವವರು ಮೊದಲು ಕಣ್ಣು ಹಾಕಬೇಕು.

ನೀರೊಳ್ಳೆ, ಹುಳುವಿನಂತಹ ಕುರುಡುಹಾವು, ತೋಟ ಅಗೆಯುವಾಗ ಸಿಗುವ ಮೊಂಡುಬಾಲದ ನೆಲಹಾವುಗಳು, ಇವೆಲ್ಲ ನಿರ್ವಿಷ. ನೀರೊಳ್ಳೆಯು ಸಿಡುಕಿನದು, ಕಚ್ಚಿ ರಕ್ತ ಬರಿಸಬಲ್ಲದು, ಅಷ್ಟೇ. ಕುರುಡುಹಾವು ಕಿವಿಯೊಳಗೆ ಹೋಗುತ್ತದೆಂದು ಮಕ್ಕಳನ್ನು ಹೆದರಿಸುವುದು ವ್ಯರ್ಥ; ಹೂವಿನ ಕುಂಡದಲ್ಲಿ ಇರುವೆ ಗೆದ್ದಲುಗಳ ಮೊಟ್ಟೆಗಳನ್ನು ತಿಂದುಕೊಂಡಿರುವ ಆ ಜಾತಿಯಲ್ಲಿ ಗಂಡೇ ಇಲ್ಲ, ಹೆಣ್ಣುಗಳೇ ಸಂತಾನವನ್ನು ಮುಂದುವರಿಸುತ್ತವೆ ಎಂಬ ಸಂಗತಿಯನ್ನು ಹೇಳಿದರೆ ಮಕ್ಕಳು ಹೆಚ್ಚು ಬೆರಗಾಗುತ್ತಾರೆ.

ಕಾಳಿಂಗನ ಮಾತು ಬೇರೆ. ಹತ್ತು ಹನ್ನೆರಡು ಅಡಿಯ ಈ ಸರ್ಪರಾಜನು ಅಂಗಳಕ್ಕೆ ಬಂದರೆ ಗುರುತಿನ ಪ್ರಶ್ನೆಯೇ ಏಳುವುದಿಲ್ಲ. ಅವನು ಬರುವುದು ಕೇರೆಯನ್ನೋ ನಾಗರವನ್ನೋ ಅಟ್ಟಿಕೊಂಡು. ಹಾವುಗಳೇ ಅವನ ಆಹಾರ. ತರಗೆಲೆಗಳನ್ನು ಒಟ್ಟುಗೂಡಿಸಿ ಗೂಡು ಕಟ್ಟಿ ಮೊಟ್ಟೆಯಿಡುವ ಹಾವು ಜಗತ್ತಿನಲ್ಲಿ ಇದೊಂದೇ. 2024ರಲ್ಲಿ ವಿಜ್ಞಾನಿಗಳು ಈ ಜಾತಿಯನ್ನು ನಾಲ್ಕಾಗಿ ವಿಂಗಡಿಸಿ, ನಮ್ಮ ಘಟ್ಟದ ಹಾವಿಗೆ ಕನ್ನಡದ ಹೆಸರನ್ನೇ ಉಳಿಸಿ 'ಓಫಿಯೋಫೇಗಸ್ ಕಾಳಿಂಗ' ಎಂದು ನಾಮಕರಣ ಮಾಡಿದರು. ಇದನ್ನು ಓದಿದ ದಿನ ನಾನು ಮನೆಯವರಿಗೆಲ್ಲ ಎರಡು ಸಲ ಹೇಳಿದೆನು. ಕಾಳಿಂಗನ ಕಡಿತವು ಅತಿ ವಿರಳವಾದರೂ ಮಾರಕವಾದುದು. ಇಲ್ಲಿಯ ಪ್ರತಿವಿಷವು ಅದಕ್ಕಾಗಿಯೂ ತಯಾರಾದುದಲ್ಲ. ಬಾಗಿಲು ಹಾಕಿಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸುವುದೇ ಮಾರ್ಗ.

ಈಗ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಎರಡು ಹಲ್ಲಿನ ಗುರುತಿದ್ದರೆ ವಿಷದ ಹಾವು, ಸಾಲುಸಾಲಾಗಿ ಗುರುತುಗಳಿದ್ದರೆ ವಿಷವಿಲ್ಲದ್ದು ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ತ್ರಿಕೋಣದ ತಲೆಯಿದ್ದರೆ ವಿಷದ್ದು ಎಂದೂ ಹೇಳಿದ್ದೇನೆ. ಚಿಕ್ಕಪ್ಪನವರ ತೋಳಿನ ಮೇಲೆ ಒಂದು ಗುರುತೂ ಕಂಡಿರಲಿಲ್ಲವೆಂಬುದು ನೆನಪಿದ್ದರೂ ಹೇಳಿದೆನು, ಪುಸ್ತಕದಲ್ಲಿ ಇದ್ದಿತಲ್ಲ! ನಾಗರಕ್ಕಾಗಲಿ ಕಟ್ಟುಹಾವಿಗಾಗಲಿ ತ್ರಿಕೋಣದ ತಲೆಯಿಲ್ಲ; ಅಪಾಯವಿಲ್ಲದ ಬೆಕ್ಕುಗಣ್ಣಿನ ಹಾವಿಗೆ ಉಂಟು. ಹಲ್ಲಿನ ಗುರುತು ಒಂದಿರಬಹುದು, ಎರಡಿರಬಹುದು, ಕಾಣದೆಯೂ ಇರಬಹುದು. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಆ ಪಾಠವನ್ನು ದಯವಿಟ್ಟು ಅಳಿಸಿಬಿಡಲಿ.

ಹಾವಿನ ಗುರುತು ಕಡಿತಕ್ಕೆ ಮುಂಚೆ ಉಪಯೋಗಕ್ಕೆ ಬರುವ ವಿದ್ಯೆ. ಕಚ್ಚಿದ ಮೇಲೆ ಅದಕ್ಕಾಗಿ ಒಂದು ನಿಮಿಷವನ್ನೂ ಕಳೆಯಬಾರದು. ಹಾವನ್ನು ಹುಡುಕಿ ಕೊಂದು ತರುವುದರಲ್ಲಿ ಹೊತ್ತು ಹೋಗುತ್ತದೆ; ಇನ್ನೊಬ್ಬನಿಗೂ ಕಡಿತವಾದೀತು. ವೈದ್ಯರಿಗೆ ಸತ್ತ ಹಾವು ಬೇಕಾಗಿಲ್ಲ. ಅವರು ರೋಗಿಯ ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲಜಾತಿಯ ವಿಷವೆಂದು ತಿಳಿಯುತ್ತದೆ. ರೆಪ್ಪೆ ಜೋಲುವುದು, ನುಂಗಲಾಗದಿರುವುದು ನಾಗರ ಅಥವಾ ಕಟ್ಟುಹಾವಿನ ಲಕ್ಷಣ. ಪ್ರತಿವಿಷದ ಆವಿಷ್ಕಾರವು 1890ರ ದಶಕದಲ್ಲಿ ಕಾಲ್ಮೆಟ್ ಎಂಬ ಫ್ರೆಂಚ್ ವೈದ್ಯನ ಪರಿಶ್ರಮದಿಂದಾಯಿತು. ಇಂದು ನಮ್ಮಲ್ಲಿ ಕುದುರೆಗಳಿಗೆ ವಿಷವನ್ನು ಅಲ್ಪಪ್ರಮಾಣದಲ್ಲಿ ಚುಚ್ಚಿ, ಅವುಗಳ ರಕ್ತದಿಂದ ತೆಗೆಯುವ ಈ ಔಷಧವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ಆದುದರಿಂದ ಇವುಗಳಲ್ಲಿ ಯಾವುದೆಂಬ ಚರ್ಚೆಯನ್ನು ಜಗುಲಿಯ ಮೇಲೆ ಕುಳಿತು ಮಾಡಬೇಕಾಗಿಲ್ಲ.

ಕಚ್ಚಿಸಿಕೊಂಡವನನ್ನು ನಡೆಸಬಾರದು, ಮಲಗಿಸಿ ಧೈರ್ಯ ಹೇಳಬೇಕು. ಉಂಗುರ, ಬಳೆ, ಕಾಲುಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಕಚ್ಚಿದ ಅವಯವವನ್ನು ಮುರಿದ ಎಲುಬಿಗೆ ಮಾಡುವಂತೆ ದಬ್ಬೆ ಇಟ್ಟು ಅಲುಗದಂತೆ ಮಾಡಿ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕಿದ ವಾಹನದಲ್ಲಿ ತಾಲೂಕಿನ ಆಸ್ಪತ್ರೆಗೆ ಒಯ್ಯಬೇಕು. ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಯಿಂದ ಹೀರುವುದು, ಸೊಪ್ಪಿನ ರಸ ಕುಡಿಸುವುದು, ಇವೆಲ್ಲ ಹಾನಿಕರ. ಮಂತ್ರದಿಂದ ಬದುಕಿದವರ ಕಥೆಗಳನ್ನು ಹೇಳುವವರುಂಟು. ಅವರನ್ನು ಕಚ್ಚಿದ ಹಾವುಗಳಲ್ಲಿ ಎಷ್ಟು ಕೇರೆಗಳು, ಎಷ್ಟು ತೋಳಹಾವುಗಳು ಎಂದು ಕೇಳುವವರಿಲ್ಲ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನರು ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಆಜ್ಞಾಪಿಸಿತು. 1974ರಲ್ಲಿ ನಮ್ಮ ಮನೆಯಲ್ಲಿ ನಡೆದುದು ಯಾವ ಪುಸ್ತಕದಲ್ಲಿಯೂ ದಾಖಲಾಗಲಿಲ್ಲ.

ಹಾವುಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೆಂಬುದನ್ನು ನೆರೆಮನೆಯ ತರುಣನಿಗೆ ಹೇಳಿದೆನು. ಆದರೆ ಅವನ ಮನಸ್ಸಿಗೆ ನಾಟಿದ್ದು ಕಾಯ್ದೆಯಲ್ಲ, ಆದಿಪರ್ವದ ರುರುವಿನ ಕಥೆ. ಹೆಂಡತಿಯಾಗಬೇಕಾಗಿದ್ದ ಪ್ರಮದ್ವರೆಯು ಹಾವು ಕಚ್ಚಿ ಸತ್ತಾಗ ರುರುವು ತನ್ನ ಆಯುಸ್ಸಿನ ಅರ್ಧವನ್ನು ಕೊಟ್ಟು ಅವಳನ್ನು ಬದುಕಿಸಿಕೊಂಡನು. ಆಮೇಲೆ ಕಂಡ ಕಂಡ ಹಾವುಗಳನ್ನೆಲ್ಲ ಕೊಲ್ಲುತ್ತ ನಡೆದನು. ಒಂದು ದಿನ ಕಾಡಿನಲ್ಲಿ ಮುದಿಯಾದ ಡುಂಡುಭವೊಂದರ ಮೇಲೆ ದಂಡವನ್ನೆತ್ತಿದಾಗ, ಮನುಷ್ಯರನ್ನು ಕಚ್ಚುವವು ಬೇರೆ, ನಾವು ಆಕಾರದಿಂದ ಮಾತ್ರ ಹಾವುಗಳು, ನಮ್ಮನ್ನೇಕೆ ಹೊಡೆಯುವೆ ಎಂದು ಅದು ಕೇಳಿತು. "ನಮ್ಮ ಬಚ್ಚಲಿನದು ಕೇಳಲೂ ಇಲ್ಲ ಮಾಸ್ತರೇ" ಎಂದನು ಆ ತರುಣ.

ಮರುವಾರ ಅವನೂ ನಾನೂ ಸೇರಿ ಎರಡು ಮನೆಗಳ ಸುತ್ತಲಿನ ಹಂಚಿನ ರಾಶಿ, ಸೋಗೆಯ ರಾಶಿಗಳನ್ನು ಗೋಡೆಯಿಂದ ದೂರ ಸಾಗಿಸಿದೆವು. ಕಟ್ಟಿಗೆಯನ್ನು ನೆಲದಿಂದ ಎತ್ತರಿಸಿ ಅಟ್ಟಣೆಯ ಮೇಲೆ ಒಟ್ಟಿದೆವು. ಬಚ್ಚಲಿನ ನೀರುಹೋಗುವ ದಾರಿಗೆ ಜಾಲರಿ ಹಾಕಿದೆವು. ಅಂಗಳ ದಾಟುವುದಕ್ಕೂ ಟಾರ್ಚು ಹಿಡಿಯಬೇಕೆಂದು ಮಕ್ಕಳಿಗೆ ಕಟ್ಟಪ್ಪಣೆಯಾಗಿದೆ. ಚಿಕ್ಕಪ್ಪನವರು ಮಲಗುತ್ತಿದ್ದ ನಡುಮನೆಯಲ್ಲಿ ಈಗ ಮಂಚಗಳಿವೆ. ರಾತ್ರಿ ಊಟವಾದ ಮೇಲೆ ಸೊಳ್ಳೆಪರದೆಯ ಅಂಚುಗಳನ್ನು ಸುತ್ತಲೂ ಹಾಸಿಗೆಯ ಅಡಿಗೆ ಸಿಕ್ಕಿಸುವ ಕೆಲಸವು ನನ್ನದು. ಅದನ್ನು ಇನ್ನೊಬ್ಬರಿಗೆ ನಾನು ಬಿಟ್ಟುಕೊಡುವುದಿಲ್ಲ.